ಸಾಗುವಾನಿ ಉಂಗುರದಲ್ಲಿ ಬರವನ್ನು ಓದುವುದು

ನಾಟಾ ಡಿಪೋದಲ್ಲಿ ಸಾಗುವಾನಿ ದಿಮ್ಮಿಯ ಕೊಯ್ದ ತುದಿ ನೋಡಿದ್ದೀರಲ್ವಾ? ಒಂದೊಂದು ಉಂಗುರವೂ ಒಂದೊಂದು ವರ್ಷದ ಬೆಳವಣಿಗೆ. ಒಣ ತಿಂಗಳುಗಳಲ್ಲಿ ಸಾಗುವಾನಿ ಎಲೆ ಉದುರಿಸಿ ಸುಮ್ನೆ ನಿಲ್ಲುತ್ತದೆ. ಮತ್ತೆ ಚಿಗುರುವಾಗ ನೀರು ಸಾಗಿಸಲು ದೊಡ್ಡ ಕೊಳವೆಗಳನ್ನು ಮಾಡಿಕೊಳ್ಳುತ್ತದೆ. ಆ ರಂಧ್ರಗಳ ಸಾಲೇ ಹೊಸ ಉಂಗುರದ ಶುರು. ಮಳೆ ಚೆನ್ನಾಗಿದ್ದರೆ ಉಂಗುರ ಅಗಲ, ಕೈಕೊಟ್ಟರೆ ಸಪೂರ.

ಆದರೆ ಎಲ್ಲ ಮರವೂ ಇದಕ್ಕೆ ಆಗುವುದಿಲ್ಲ. ಆಗುಂಬೆಯ ನಿತ್ಯಹಸಿರು ಮರಗಳಲ್ಲಿ ಉಂಗುರ ಸ್ಪಷ್ಟವಾಗಿ ಮೂಡುವುದೇ ಅಪರೂಪ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಸುರಿಯುವ ಕಡೆ ಒಂದಿಷ್ಟು ಮಳೆ ಕಡಿಮೆಯಾದರೂ ಮರಕ್ಕೆ ಅಷ್ಟೇನೂ ತಟ್ಟುವುದಿಲ್ಲ. ಭದ್ರಾವತಿ ಕಡೆಯ ಎಲೆ ಉದುರುವ ಕಾಡಿನಲ್ಲಿ, ತೆಳು ಮಣ್ಣಿನ ಗುಡ್ಡದ ಮೇಲೆ ನಿಂತ ಮರಕ್ಕೆ ಬೇಗ ತಟ್ಟುತ್ತದೆ. ಅಂಥದ್ದನ್ನೇ ಹುಡುಕಬೇಕು. ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲ್ಲಿಗಿಂತ ಸಣ್ಣ ಕಡ್ಡಿ ತೆಗೆದು, ಮರಳುಕಾಗದದಲ್ಲಿ ಉಜ್ಜಿ ನಯ ಮಾಡಿದರೆ ಸಾಕು.

ಈಗ ಎಣಿಸಿಬಿಡೋಣ ಅನ್ನಿಸುತ್ತದೆ. ಎಡವುವುದು ಇಲ್ಲೇ. ಸಪೂರ ಉಂಗುರ ಬರದಿಂದಲೇ ಬರಬೇಕೆಂದಿಲ್ಲ. ಹುಳ ಎಲೆ ತಿಂದಿರಬಹುದು, ಪಕ್ಕದ ಮರ ಬಿಸಿಲು ಮರೆಮಾಡಿರಬಹುದು. ತೀರಾ ಕೆಟ್ಟ ವರ್ಷದಲ್ಲಿ ಉಂಗುರವೇ ಮೂಡದೆ ಹೋಗಬಹುದು. ಮಳೆ ನಡುವೆ ನಿಂತು ಮತ್ತೆ ಹಿಡಿದರೆ ಒಂದೇ ವರ್ಷಕ್ಕೆ ಎರಡು ಕಂಡಾವು. ಒಂದು ಉಂಗುರ ತಪ್ಪಿದರೆ ಅದರ ಹಿಂದಿನ ಇಸವಿಗಳೆಲ್ಲ ತಪ್ಪು.

ಇದಕ್ಕೆ ಮದ್ದು ಕ್ರಾಸ್ ಡೇಟಿಂಗ್. ಅಮೆರಿಕದ ಖಗೋಳ ವಿಜ್ಞಾನಿ ಎ. ಇ. ಡಗ್ಲಸ್ ಕಳೆದ ಶತಮಾನದ ಆರಂಭದಲ್ಲಿ ಬೆಳೆಸಿದ ವಿಧಾನ. ಒಂದೇ ಸೀಮೆಯ ಹತ್ತಾರು ಮರಗಳ ಅಗಲ-ಸಪೂರದ ಸಾಲನ್ನು ಒಂದರ ಪಕ್ಕ ಒಂದಿಟ್ಟು ಹೊಂದಿಸುತ್ತಾರೆ. ಹುಳದ ಕಾಟ ಕೆಲವು ಮರಗಳಲ್ಲಷ್ಟೇ ಕಂಡರೆ, ಬರ ಹೆಚ್ಚುಕಡಿಮೆ ಎಲ್ಲದರಲ್ಲೂ ಒಟ್ಟಿಗೆ ಕಾಣುತ್ತದೆ. ಹಳೇ ಮನೆಯ ಸಾಗುವಾನಿ ತೊಲೆಯ ಸಾಲು ಬದುಕಿರುವ ಮರದ ಸಾಲಿಗೆ ತಾಳೆಯಾದರೆ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಎಳೆ ಮರದ ಉಂಗುರ ಸಹಜವಾಗಿಯೇ ಅಗಲ. ವಯಸ್ಸಿನ ಆ ಪ್ರಭಾವವನ್ನು ಮೊದಲು ತೆಗೆಯಬೇಕು. ಆಮೇಲೆ ಮಳೆಮಾಪಕದ ದಾಖಲೆ ಇರುವ ವರ್ಷಗಳಲ್ಲಿ ಅರ್ಧದಷ್ಟನ್ನು ಇಟ್ಟುಕೊಂಡು ಮಳೆಗೂ ಉಂಗುರದ ಅಗಲಕ್ಕೂ ಇರುವ ಸಂಬಂಧ ಕಂಡುಹಿಡಿದು, ಉಳಿದರ್ಧದ ಮೇಲೆ ಪರೀಕ್ಷಿಸುತ್ತಾರೆ. ಪಾಸಾದರೆ ಮಾತ್ರ ದಾಖಲೆ ಇಲ್ಲದ ಕಾಲಕ್ಕೆ ಹೋಗುವುದು.

ಕೇರಳದ ಸಾಗುವಾನಿಯಿಂದ 1481ರಿಂದ 2003ರವರೆಗಿನ ಸರಣಿ ಹೀಗೇ ಸಿಕ್ಕಿದೆ. 2010ರಲ್ಲಿ ಏಷ್ಯಾದ 300ಕ್ಕೂ ಹೆಚ್ಚು ತಾಣಗಳ ಉಂಗುರಗಳಿಂದ ಮಾನ್ಸೂನ್ ಬರಗಳ ನಕ್ಷೆ ಬಂತು. ಅದರಲ್ಲಿ ಎದ್ದು ಕಾಣುವ 1876–78ರ ಬರವೇ ನಮ್ಮ ಹಿರಿಯರು ಹೇಳುವ ಧಾತು-ಈಶ್ವರ ಸಂವತ್ಸರಗಳ ಬರ.