1950ರ ವಿಶ್ವಕಪ್: ಫೈನಲ್ ಇಲ್ಲದ ಟೂರ್ನಿಯ ಲೆಕ್ಕ

ಮೊದಲು ಇದು ತಲೆಯಲ್ಲಿ ಕೂರಲಿ: ಬ್ರೆಜಿಲ್‌ನಲ್ಲಿ ನಡೆದ 1950ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಫೈನಲ್ ಇರಲೇ ಇಲ್ಲ. ಜುಲೈ 16ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ 2–1ರಿಂದ ಬ್ರೆಜಿಲನ್ನು ಸೋಲಿಸಿದ ಪಂದ್ಯವನ್ನು ಫೈನಲ್ ಎಂದು ಬರೆಯುವವರೇ ಹೆಚ್ಚು. ಅದು ನಾಲ್ಕು ತಂಡಗಳ ಅಂತಿಮ ಲೀಗ್‌ನ ಕೊನೆಯ ದಿನದ ಪಂದ್ಯ. ಅದೇ ದಿನ ಸಾವೊ ಪಾಲೊದಲ್ಲಿ ಸ್ವೀಡನ್–ಸ್ಪೇನ್ ಕೂಡ ಆಡುತ್ತಿದ್ದವು.

ಇಂಥ ವ್ಯವಸ್ಥೆ ಏಕೆ? 16 ತಂಡಗಳ ನಾಕೌಟ್ ಆದರೆ ಮೂರನೇ ಸ್ಥಾನದ್ದೂ ಸೇರಿ 16 ಪಂದ್ಯ. ನಾಲ್ಕು ಗುಂಪು ಮಾಡಿ, ಗುಂಪಿಗೆ 6ರಂತೆ ಆಡಿಸಿ, ಗೆದ್ದ ನಾಲ್ವರಿಗೆ ಮತ್ತೆ ಲೀಗ್ ಇಟ್ಟರೆ 30. ಕ್ರೀಡಾಂಗಣಕ್ಕೆ ಹಣ ಸುರಿದಿದ್ದ ಬ್ರೆಜಿಲ್‌ಗೆ ಟಿಕೆಟ್ ಮಾರಲು ಪಂದ್ಯಗಳು ಬೇಕಿದ್ದವು. ಆದರೆ ಬಂದದ್ದು 13 ತಂಡ. ಗುಂಪುಗಳನ್ನು ಮತ್ತೆ ಸರಿದೂಗಿಸದೆ 4, 4, 3, 2 ಎಂದೇ ಬಿಟ್ಟರು. ಹೀಗಾಗಿ ಪಂದ್ಯಗಳು 6+6+3+1, ಮೇಲೆ ಅಂತಿಮ ಲೀಗ್‌ನ 6; ಒಟ್ಟು 22. ಬ್ರೆಜಿಲ್ ಮೂರು ಪಂದ್ಯ ಆಡಿ ಮುಂದೆ ಬಂದರೆ, ಉರುಗ್ವೆ ಬೊಲಿವಿಯಾವನ್ನು 8–0ಯಿಂದ ಬಡಿದು ಒಂದೇ ಪಂದ್ಯಕ್ಕೆ ಕೊನೆಯ ನಾಲ್ಕರಲ್ಲಿ ಕೂತಿತು. ಇದಕ್ಕೆ ಪ್ರತಿಯಾಗಿ ಆತಿಥೇಯರ ಅನುಕೂಲವನ್ನೂ ಗಮನಿಸಿ: ಅಂತಿಮ ಲೀಗ್‌ನ ಮೂರೂ ಪಂದ್ಯಗಳನ್ನು ಬ್ರೆಜಿಲ್ ಮರಕಾನಾದಲ್ಲೇ ಆಡಿತು.

ಆಗ ಗೆಲುವಿಗೆ 2 ಅಂಕ, ಡ್ರಾಗೆ 1. ಈಗಿನ 3 ಅಂಕ ಹಾಕಿ ಪಟ್ಟಿ ಬರೆದರೆ ತಪ್ಪಾಗುತ್ತದೆ. ಬ್ರೆಜಿಲ್ ಸ್ವೀಡನ್ನನ್ನು 7–1, ಸ್ಪೇನನ್ನು 6–1ರಿಂದ ಸೋಲಿಸಿ 4 ಅಂಕದಲ್ಲಿತ್ತು. ಉರುಗ್ವೆ ಸ್ಪೇನ್ ಜೊತೆ 2–2 ಡ್ರಾ, ಸ್ವೀಡನ್ ಮೇಲೆ 3–2 ಗೆಲುವು, ಅಂಕ 3. ಅಂದರೆ ಡ್ರಾ ಆದರೂ ಬ್ರೆಜಿಲ್ ಚಾಂಪಿಯನ್. ಕೊನೆಯ ಪಟ್ಟಿ ಹೀಗಿದೆ:

ಉರುಗ್ವೆ 5 ಅಂಕ (ಹೊಡೆದ–ಬಿಟ್ಟುಕೊಟ್ಟ ಗೋಲು 7–5)
ಬ್ರೆಜಿಲ್ 4 (14–4)
ಸ್ವೀಡನ್ 2 (6–11)
ಸ್ಪೇನ್ 1 (4–11)

ಉರುಗ್ವೆಗಿಂತ ಎರಡು ಪಟ್ಟು ಗೋಲು ಹೊಡೆದ ತಂಡ ಎರಡನೆಯದಾಯಿತು.

ಆ ಪಂದ್ಯದಲ್ಲಿ ಎಡವಿದ್ದೆಲ್ಲಿ? 47ನೇ ನಿಮಿಷದಲ್ಲಿ ಫ್ರಿಯಾಸಾ ಬ್ರೆಜಿಲ್‌ಗೆ ಮುನ್ನಡೆ ಕೊಟ್ಟ. 66ರಲ್ಲಿ ಉರುಗ್ವೆಯ ಗಿಜ್ಜಿಯಾ ಬಲ ಅಂಚಿನಿಂದ ನುಗ್ಗಿ ಒಳಕ್ಕೆ ಕೊಟ್ಟ ಚೆಂಡನ್ನು ಸ್ಕಿಯಾಫಿನೊ ಗೋಲಾಗಿಸಿದ. 79ರಲ್ಲಿ ಗಿಜ್ಜಿಯಾ ಮತ್ತೆ ಆ ಅಂಚು ಕಾಯುತ್ತಿದ್ದ ಬ್ರೆಜಿಲ್‌ನ ಬಿಗೋಡೆಯನ್ನು ದಾಟಿ ಅದೇ ಜಾಗಕ್ಕೆ ಬಂದ. ಮತ್ತೆ ಒಳಕ್ಕೆ ಕೊಡುತ್ತಾನೆಂದು ಗೋಲ್‌ಕೀಪರ್ ಬಾರ್ಬೋಸಾ ಒಂದಿಷ್ಟು ಸರಿದ. ಚೆಂಡು ಅವನಿಗೂ ಹತ್ತಿರದ ಕಂಬಕ್ಕೂ ನಡುವಿನ ಸಂದಿಯಲ್ಲಿ ಒಳಹೊಕ್ಕಿತು. ಹಣ ಕೊಟ್ಟು ಬಂದ ಪ್ರೇಕ್ಷಕರೇ 1,73,850. ತಪ್ಪೆಲ್ಲ ಬಾರ್ಬೋಸಾನ ತಲೆಗೆ ಕಟ್ಟಿದ್ದು ಅನ್ಯಾಯ: ಆ ಅಂಚು ಎರಡು ಸಲ ತೆರೆದುಕೊಂಡಿತ್ತು. ಬ್ರೆಜಿಲ್‌ನ ಬಿಳಿ ಜೆರ್ಸಿ ಹೋಗಿ ಹಳದಿ ಬಂದದ್ದೂ ಈ ಸೋಲಿನ ನಂತರವೇ. 1953ರಲ್ಲಿ ವಿನ್ಯಾಸ ಸ್ಪರ್ಧೆ ನಡೆಯಿತು.

ಇನ್ನು ಭಾರತ. ತನ್ನ ಅರ್ಹತಾ ಗುಂಪಿನ ಎದುರಾಳಿಗಳು ಹಿಂದೆ ಸರಿದದ್ದರಿಂದ ಆಡದೆಯೇ ಸ್ಥಾನ ಸಿಕ್ಕಿತು. ಸ್ವೀಡನ್, ಇಟಲಿ, ಪರಾಗ್ವೆಯ ಗುಂಪಿಗೆ ಹಾಕಿದ್ದರು. ಬರಿಗಾಲಲ್ಲಿ ಆಡಲು ಬಿಡದ್ದಕ್ಕೆ ಹೋಗಲಿಲ್ಲ ಎಂಬ ಕಥೆಯನ್ನು ನಂಬಬೇಡಿ. ಭಾರತದ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣ ತಂಡದ ಆಯ್ಕೆಯ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯದ ಕೊರತೆ. ಒಲಿಂಪಿಕ್ಸೇ ದೊಡ್ಡದು ಎಂಬ ಎಣಿಕೆಯೂ ಇತ್ತು. ನಾಯಕ ಶೈಲೇನ್ ಮನ್ನಾ ಅವರೇ ಬರಿಗಾಲಿನ ಕಾರಣವನ್ನು ಮುಂದೆ ಅಲ್ಲಗಳೆದರು. ಕಥೆ ಅಂಟಿಕೊಂಡದ್ದು 1948ರ ಲಂಡನ್ ಒಲಿಂಪಿಕ್ಸ್‌ನಿಂದ: ಹೆಚ್ಚಿನವರು ಬರಿಗಾಲಲ್ಲಿದ್ದ ತಂಡ ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈಚೆಲ್ಲಿ 1–2ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಕೊನೆಗೆ, ಹೆಚ್ಚು ಗೋಲು ಹೊಡೆದ ಬ್ರೆಜಿಲ್‌ನ ಅದೆಮಿರ್‌ಗೆ ಕೆಲವೆಡೆ 8, ಕೆಲವೆಡೆ 9 ಎಂದಿರುತ್ತದೆ. ಸ್ಪೇನ್ ವಿರುದ್ಧದ ಮೊದಲ ಗೋಲನ್ನು ಪಾರ್ರಾನ ಸ್ವಂತ ಗೋಲೆಂದು ಎಣಿಸಿದರೆ 8, ಇಲ್ಲವಾದರೆ 9.