ಕಿವಿಬೇನೆ ಮೂಗಿನ ದಾರಿಯಲ್ಲಿ ಬರುತ್ತದೆ

ಶಿರಸಿಯಿಂದ ಕುಮಟಾ ಬಸ್ಸು ಹತ್ತಿದವರಿಗೆ ಇದು ಗೊತ್ತಿರುತ್ತದೆ. ದೇವಿಮನೆ ಘಟ್ಟ ಇಳಿಯುತ್ತಾ ಕಿವಿ ಕಟ್ಟುತ್ತದೆ. ಎಂಜಲು ನುಂಗಿದರೆ ಒಳಗೆಲ್ಲೋ 'ಟಪ್' ಅನ್ನುತ್ತದೆ, ಬಸ್ಸಿನ ಗದ್ದಲ ಮತ್ತೆ ಜೋರಾಗುತ್ತದೆ. ಆ 'ಟಪ್' ಅರ್ಥವಾದರೆ ಮಕ್ಕಳ ಕಿವಿಬೇನೆ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಕುಮಟಾ ತಲುಪುವಷ್ಟರಲ್ಲಿ ಗಾಳಿಯ ಒತ್ತಡ ಶೇ. 7ರಷ್ಟು ಏರಿರುತ್ತದೆ. ಹೊರಗಿನ ಗಾಳಿ ಕಿವಿತಮಟೆಯನ್ನು ಒಳಕ್ಕೆ ಒತ್ತುತ್ತದೆ. ತಮಟೆಯ ಆಚೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ, ಅದೇ ನಡುಕಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಪೂರ ನಳಿಗೆ. ಸುಮ್ನೆ ಇದ್ದಾಗ ಅದು ಮುಚ್ಚಿಕೊಂಡಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ತೆರೆಯುತ್ತದೆ. ಗಾಳಿ ಒಳಗೆ ಹೋಗುತ್ತದೆ, ಎರಡೂ ಕಡೆ ಸಮ ಆಗುತ್ತದೆ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ತಡವರಿಸುತ್ತದೆ. ಗಾಳಿಗೆ ಇನ್ನೊಂದು ತೂತು ಕೊಟ್ಟರೆ ಸಲೀಸು. ಕಿವಿಗೆ ಈ ನಳಿಗೆಯೇ ಎರಡನೇ ತೂತು. ಅದು ಒಳಗಿನ ಪಸೆಯನ್ನು ಗಂಟಲಿಗೆ ಬಸಿಯುವ ಕಾಲುವೆಯೂ ಹೌದು. ಅಡಿಕೆ ತೋಟ ಇರುವವರಿಗೆ ಬಸಿಗಾಲುವೆ ವಿಷಯ ಹೇಳಬೇಕಾಗಿಲ್ಲ. ಇಳಿಜಾರು ಇದ್ದರೆ ನೀರು ಹೋಗುತ್ತದೆ, ಮಟ್ಟಸವಾಗಿದ್ದರೆ ನಿಂತು ಕೊಳೆಯುತ್ತದೆ. ದೊಡ್ಡವರಲ್ಲಿ ಈ ನಳಿಗೆ ಸುಮಾರು 35 ಮಿಲಿಮೀಟರ್ ಉದ್ದ, ಒಳ್ಳೆ ಇಳಿಜಾರು. ಕೂಸಿನದು ಅದರ ಅರ್ಧ, ಹೆಚ್ಚುಕಮ್ಮಿ ಮಟ್ಟಸ. ಮಕ್ಕಳಿಗೇ ಕಿವಿಬೇನೆ ಜಾಸ್ತಿ ಯಾಕೆ ಎಂಬುದಕ್ಕೆ ದೊಡ್ಡ ಕಾರಣ ಇದೇ.

ಇನ್ನೊಂದು ಹೋಲಿಕೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ತೆಗೆಯಲು ಬರುವುದಿಲ್ಲ, ಅಲ್ವಾ? ತಿಂಗಳು ಮುಚ್ಚಿದ ಆ ಕೋಣೆಯೊಳಗೆ ಬೂಸ್ಟು. ನೆಗಡಿಯಾದಾಗ ನಳಿಗೆಯ ಒಳಪೊರೆ ಹೀಗೇ ಉಬ್ಬಿ ಬಾಗಿಲು ಕಚ್ಚುತ್ತದೆ. ಒಳಗಿದ್ದ ಗಾಳಿಯನ್ನು ಪೊರೆ ಮೆಲ್ಲಗೆ ಹೀರಿಕೊಳ್ಳುತ್ತದೆ, ಹೊಸ ಗಾಳಿ ಬರುವುದಿಲ್ಲ. ಒತ್ತಡ ಇಳಿದು ಗೋಡೆಯಿಂದ ದ್ರವ ಒಸರುತ್ತದೆ. ಮೂಗಿನ ಹಿಂದೆ ಮೊದಲೇ ಬೀಡುಬಿಟ್ಟ ನ್ಯೂಮೋಕಾಕಸ್‌ನಂಥ ಬ್ಯಾಕ್ಟೀರಿಯಾಗೆ ಇನ್ನೇನು ಬೇಕು? ಕೀವು ತುಂಬಿ ತಮಟೆ ಬಿಗಿಯುತ್ತದೆ. ಮಲಗಿಸಿದರೆ ನೋವು ಹೆಚ್ಚು, ರಾತ್ರಿಯಿಡೀ ಅಳು.

ಈ ನಳಿಗೆಗೆ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯುಸ್ಟಾಕಿಯ ಹೆಸರು. ಅವನು 16ನೇ ಶತಮಾನದಲ್ಲೇ ಅದನ್ನು ಚೆನ್ನಾಗಿ ವಿವರಿಸಿದ್ದ. ಪಾಪ, ಅವನು 1552ರಲ್ಲಿ ಸಿದ್ಧಪಡಿಸಿದ ದೇಹರಚನೆಯ ತಾಮ್ರದ ಚಿತ್ರಫಲಕಗಳಲ್ಲಿ ಬಹುಪಾಲು ಅಚ್ಚಾದದ್ದು 1714ರಲ್ಲಿ. ಅವನು ಸತ್ತದ್ದು 1574ರಲ್ಲಿ! ಅವನಿಗಿಂತ ಎಷ್ಟೋ ಮೊದಲು ಗ್ರೀಕ್ ಚಿಂತಕ ಅಲ್ಕ್‌ಮಿಯಾನ್ ಆಡುಗಳು ಕಿವಿಯಿಂದ ಉಸಿರಾಡುತ್ತವೆ ಎಂದಿದ್ದನಂತೆ. ಅರಿಸ್ಟಾಟಲ್ ಅದು ತಪ್ಪು ಎಂದು ಬರೆದಿಟ್ಟ. ತಪ್ಪೇ, ಆದರೆ ಕಿವಿಗೂ ಉಸಿರಿನ ದಾರಿಗೂ ನಂಟಿದೆ ಎಂಬಷ್ಟು ನಿಜ.

ಈಗ ನನ್ನ ಸಿಟ್ಟಿನ ವಿಷಯ. "ಒಂದ್ ಹನಿ ಎಣ್ಣೆ ಬಿಟ್ರೆ ಸಮಾ ಆಗ್ತು ತಮಾ" ಎಂದು ನಮ್ಮ ಅಮ್ಮಮ್ಮ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ತರುತ್ತಿದ್ದರು. ಹೊರಗಿನ ಕಿವಿದಾರಿ ಸುಮಾರು 2.5 ಸೆಂಟಿಮೀಟರ್ ಹೋಗಿ ತಮಟೆಗೆ ಮುಗಿಯುತ್ತದೆ. ಕೀವು ಇರುವುದು ಗೋಡೆಯ ಆಚೆ. ತಮಟೆ ಸರಿಯಿದ್ದರೆ ಎಣ್ಣೆ ಅಲ್ಲಿಗೆ ಮುಟ್ಟುವುದಿಲ್ಲ. ತೂತಾಗಿದ್ದರೆ ಮುಟ್ಟುತ್ತದೆ, ಆಗ ಇನ್ನೂ ಕೆಟ್ಟದ್ದು. ಹಾಗಾದರೆ ಎಣ್ಣೆ ಬಿಟ್ಟವರಿಗೆ ಗುಣವಾದದ್ದು ಹೇಗೆ? ಬಹಳಷ್ಟು ಮಕ್ಕಳ ಕಿವಿಬೇನೆ ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ಹೆಸರು ಮಾತ್ರ ಬೆಳ್ಳುಳ್ಳಿಗೆ. ಒಮ್ಮೊಮ್ಮೆ ತಮಟೆ ಒಡೆದು ಕೀವು ಹೊರಬಂದು ನೋವು ಥಟ್ಟನೆ ನಿಲ್ಲುತ್ತದೆ. 'ಹುಣ್ಣು ಒಡೀತು, ಮುಗೀತು' ಎಂದು ಸುಮ್ಮನಾಗಬಾರದು. ಸಣ್ಣ ತೂತು ಹೆಚ್ಚಾಗಿ ಕೂಡಿಕೊಳ್ಳುತ್ತದೆ, ಆದರೆ ಸೋರುವ ಕಿವಿಯನ್ನು ಡಾಕ್ಟರು ನೋಡಲೇಬೇಕು.

ಕಾರವಾರ, ಅಂಕೋಲಾ ಕಡೆಯ ಸೆಕೆಯಲ್ಲಿ ಇನ್ನೊಂದು ಬಗೆಯೂ ಉಂಟು. ನೀರಿಗಿಳಿದ ಮೇಲೆ ಹೊರದಾರಿಯ ಚರ್ಮವೇ ಕೆರಳುವುದು. ಕಿವಿಹಾಲೆ ಎಳೆದರೆ ಜೀವ ಹೋದ ಹಾಗೆ ನೋವಾದರೆ ಹೆಚ್ಚಾಗಿ ಇದೇ. ತುರಿಕೆ ಜಾಸ್ತಿ ಇದ್ದು ಕಪ್ಪು ಚುಕ್ಕಿಯ ಕಸ ಬಂದರೆ ಶಿಲೀಂಧ್ರ ಇರಬಹುದು. ತೇವವಿರುವ ಕಿವಿಗೆ ಎಣ್ಣೆ ಬಿಡುವುದೆಂದರೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಬಡ್ಸು, ಬೆಂಕಿಕಡ್ಡಿ, ಪಿನ್ನು ಯಾವುದೂ ಬೇಡ. ಗುಗ್ಗೆ ಕೊಳೆಯಲ್ಲ, ಕಾವಲು. ಕಿವಿದಾರಿಯ ಚರ್ಮ ಒಳಗಿಂದ ಹೊರಗೆ ಸರಿಯುತ್ತಾ ಅದನ್ನು ತಾನೇ ತಂದು ಹಾಕುತ್ತದೆ.

ಎರಡು ವರ್ಷ ದಾಟಿದ ಮಗುವಿಗೆ ಸಣ್ಣ ನೋವು, ಸಣ್ಣ ಜ್ವರ ಇದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು ಎರಡು ದಿನ ಕಾಯಬಹುದು. ಹೋದ ಸಲ ಉಳಿದ ಆಂಟಿಬಯೋಟಿಕ್ ಮಾತ್ರ ಬೇಡ. ಆರು ತಿಂಗಳೊಳಗಿನ ಕೂಸಾದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಎರಡು ದಿನಕ್ಕೂ ನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ಕಿವಿಯ ಹಿಂದೆ ಕೆಂಪಾಗಿ ಬಾತು ಕಿವಿ ಮುಂದಕ್ಕೆ ಬಾಗಿದರೆ, ಮುಖ ಒಂದು ಕಡೆ ಜೋತರೆ, ಕುತ್ತಿಗೆ ಬಿಗಿದರೆ, ಮಂಕು ಕವಿದರೆ ಅದೇ ದಿನ ಆಸ್ಪತ್ರೆ, ರಾತ್ರಿಯಾದರೂ ಸರಿ. ಸಕ್ಕರೆ ಕಾಯಿಲೆ ಇರುವ ಹಿರಿಯರ ಜೋರು ಕಿವಿನೋವನ್ನೂ ಹಗುರಾಗಿ ನೋಡಬೇಡಿ. ಅವರಲ್ಲಿ ಸೋಂಕು ಮೂಳೆಗೆ ಇಳಿಯಬಲ್ಲದು.

ನೋವು ಹೋದ ಮೇಲೂ ದ್ರವ ಕೆಲವು ವಾರ ಒಳಗೇ ಉಳಿಯುವುದುಂಟು. ಮಗು ಟಿವಿ ಜೋರು ಮಾಡುತ್ತದೆ, ಕರೆದರೆ ತಿರುಗುವುದಿಲ್ಲ. ಮನೆಯವರು ಹಟ ಎಂದು ಬೈಯುತ್ತಾರೆ, ಶಾಲೆಯಲ್ಲಿ ಗಮನವಿಲ್ಲ ಎನ್ನುತ್ತಾರೆ. ಮೂರು ತಿಂಗಳಾದರೂ ಹೀಗೇ ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ.