ದಂಡ ಯಾರ ಹೆಸರಿನಲ್ಲಿ? ಮಂಗಳೂರಿನ ಸಂಚಾರ ಚಲನ್‌ಗಳ ಹಿನ್ನೆಲೆ

2025ರ ಆಗಸ್ಟ್ ಕೊನೆಯಲ್ಲಿ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಎಂದು ಊರೆಲ್ಲ ಮಾತಾಡುತ್ತಿದ್ದಾಗ, ಒಮ್ಮೆ ನೋಡಿಬಿಡೋಣ ಎಂದು ನನ್ನ ಸ್ಕೂಟರಿನ ಸಂಖ್ಯೆ ಹಾಕಿದೆ. ಒಂದು ಕೇಸು ಇತ್ತು. ಯಾರೂ ಕೈ ಅಡ್ಡ ಹಿಡಿದು ನಿಲ್ಲಿಸಿರಲಿಲ್ಲ, ಮನೆಗೆ ನೋಟಿಸ್ ಬಂದಿರಲಿಲ್ಲ, ಮೊಬೈಲಿಗೆ ಸಂದೇಶವೂ ಇರಲಿಲ್ಲ. ಚಿತ್ರದಲ್ಲಿ ಒದ್ದೆ ರಸ್ತೆ, ಮಳೆಕೋಟು ತೊಟ್ಟ ಸವಾರ, ಹಿಂದೆ ಹೆಲ್ಮೆಟ್ ಇಲ್ಲದೆ ಕುಳಿತ ಹುಡುಗ. ಆದರೆ ಅದು ಬೈಕು, ನನ್ನದು ಸ್ಕೂಟರ್. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ವಿಷಯ ತಿಳಿಯಿತು. ಕೆಸರು ಸಿಡಿದಿದ್ದ ನಂಬರ್ ಪ್ಲೇಟಿನ ಕೊನೆಯ ಅಂಕಿ 3. ಅದನ್ನು 8 ಎಂದು ಓದಲಾಗಿತ್ತು.

ತಪ್ಪನ್ನು ಸರಿಪಡಿಸಿಕೊಳ್ಳಲು ಆರ್‌ಸಿ ಪ್ರತಿ ಮತ್ತು ಗಾಡಿಯ ಫೋಟೊ ಹಿಡಿದು ಎರಡು ಸಲ ಠಾಣೆಗೆ ಹೋದೆ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ಆಗಿತ್ತು: ನನ್ನ ಗಾಡಿಯ ಮೇಲೆ ಏನೇನಿದೆ, ಎಲ್ಲಿ ನೋಡಬೇಕು, ಎಲ್ಲಿ ಕಟ್ಟಬೇಕು? ಹಿಂದೆ ಇದನ್ನು ಕೇಳುವ ಅಗತ್ಯವೇ ಇರಲಿಲ್ಲ. ಹಂಪನಕಟ್ಟೆಯಲ್ಲೋ ಜ್ಯೋತಿ ವೃತ್ತದಲ್ಲೋ ನಿಲ್ಲಿಸಿದ ಕ್ಷಣವೇ ತನ್ನ ಮೇಲೆ ಕೇಸು ಬಿತ್ತೆಂದು ಸವಾರನಿಗೆ ಗೊತ್ತಾಗುತ್ತಿತ್ತು. ಆಗ ದಂಡ ಬೀಳುತ್ತಿದ್ದದ್ದು ಎದುರಿಗೆ ನಿಂತ ಮನುಷ್ಯನ ಮೇಲೆ. ಈಗ ಹೆಚ್ಚಾಗಿ ಬೀಳುವುದು ನೋಂದಣಿ ಸಂಖ್ಯೆಯ ಮೇಲೆ. ಗಾಡಿಯ ಒಡೆಯ ಒಂದು ಊರಿನಲ್ಲಿ, ಓಡಿಸುವವರು ಇನ್ನೊಂದು ಊರಿನಲ್ಲಿ ಇರುವುದು ಸಾಮಾನ್ಯವಾಗಿರುವ ನಮ್ಮ ಕರಾವಳಿಯಲ್ಲಿ ಈ ಬದಲಾವಣೆಯ ಭಾರವನ್ನು ನಾವಿನ್ನೂ ಸರಿಯಾಗಿ ಅಳೆದಿಲ್ಲ ಎಂಬುದು ನನ್ನ ಅನಿಸಿಕೆ.

ಮೋಟಾರು ವಾಹನಗಳಿಗೆ 1914ರಲ್ಲಿಯೇ ಒಂದು ಕಾಯ್ದೆ ಬಂದಿತ್ತು, 1939ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಇಂದಿಗೂ ನಡೆಯುತ್ತಿರುವುದು 1988ರ ಕಾಯ್ದೆ, ಅದು ಜಾರಿಯಾದದ್ದು 1989ರ ಜುಲೈ 1ರಂದು. ಈ ಕಾಯ್ದೆಯ ಮೂರು ಕಲಮುಗಳನ್ನು ಓದಿದರೆ ಹಳೆಯ ಕಾಲದ ದಂಡದ ಚಿತ್ರ ಕಣ್ಣಿಗೆ ಕಟ್ಟುತ್ತದೆ. 200ನೇ ಕಲಮಿನಂತೆ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ಸಣ್ಣಪುಟ್ಟ ಅಪರಾಧಗಳನ್ನು ಗೊತ್ತುಪಡಿಸಿದ ಮೊತ್ತ ಪಡೆದು ಅಲ್ಲಿಯೇ ರಾಜಿ ಮಾಡಿ ಮುಗಿಸಬಹುದು. 206ನೇ ಕಲಮಿನಂತೆ, ಚಾಲಕ ಸಮನ್ಸ್ ತಪ್ಪಿಸಿಕೊಂಡಾನು ಎಂದು ಕಂಡರೆ ಲೈಸೆನ್ಸನ್ನು ವಶಕ್ಕೆ ಪಡೆದು ನ್ಯಾಯಾಲಯಕ್ಕೆ ಕಳುಹಿಸಬಹುದು. ಅದರ ಬದಲಿಗೆ ಒಂದು ಚೀಟಿ ಕೊಡಬೇಕು, ಲೈಸೆನ್ಸ್ ಮರಳಿ ಸಿಗುವವರೆಗೆ ಆ ಚೀಟಿಯೇ ಲೈಸೆನ್ಸ್.

ಮೂರನೆಯದು 208. ನನಗೆ ಬಹಳ ಹಿಡಿಸಿದ್ದು ಇದು. ಸಮನ್ಸ್ ಬಂದವನು ನ್ಯಾಯಾಲಯಕ್ಕೆ ಬರಲೇಬೇಕೆಂದಿಲ್ಲ, ನಿಗದಿಪಡಿಸಿದ ದಿನದೊಳಗೆ ದಂಡದ ಹಣವನ್ನು ಮನಿ ಆರ್ಡರ್ ಮಾಡಬಹುದು. ತಪ್ಪೊಪ್ಪಿಗೆಯನ್ನು ಮನಿ ಆರ್ಡರಿನ ಕೂಪನ್ನಿನಲ್ಲಿಯೇ ಬರೆಯಬೇಕು. ಊರಿನಿಂದ ಮಗನಿಗೆ ಹಣ ಕಳುಹಿಸುವಾಗ ‘ಕ್ಷೇಮ, ಮಳೆ ಚೆನ್ನಾಗಿದೆ’ ಎಂದು ನಾಲ್ಕು ಸಾಲು ಗೀಚುತ್ತಿದ್ದ ಆ ಪುಟ್ಟ ಜಾಗದಲ್ಲಿ ‘ತಪ್ಪು ಒಪ್ಪಿಕೊಂಡಿದ್ದೇನೆ’ ಎಂದು ಬರೆಯುವ ಅವಕಾಶ. ದೂರದ ಹಳ್ಳಿಯ ಲಾರಿ ಚಾಲಕನ ಒಂದು ದಿನದ ದುಡಿಮೆ ಉಳಿಯಲಿ ಎಂಬ ಕಾಳಜಿ ಅದರಲ್ಲಿತ್ತು. ದಂಡ ಕಟ್ಟುವವನಿಗೂ ಒಂದು ಬದುಕಿದೆ ಎಂದು ಕಾನೂನು ನೆನೆದ ಜಾಗ ಅದು.

ಮಂಗಳೂರಿನ ಮಟ್ಟಿಗೆ ದೊಡ್ಡ ತಿರುವು 2010. ಅಲ್ಲಿಯವರೆಗೆ ನಗರವೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿಯಲ್ಲಿತ್ತು. ಆ ವರ್ಷ ನಗರ ಪೊಲೀಸ್ ಕಮಿಷನರೇಟ್ ಆಯಿತು. ಈಗ ಸಂಚಾರಕ್ಕೆಂದೇ ನಾಲ್ಕು ಠಾಣೆಗಳಿವೆ: ಕದ್ರಿಯಲ್ಲಿ ಪೂರ್ವ, ಪಾಂಡೇಶ್ವರದಲ್ಲಿ ಪಶ್ಚಿಮ, ಬೈಕಂಪಾಡಿಯಲ್ಲಿ ಉತ್ತರ, ನಾಗುರಿಯಲ್ಲಿ ದಕ್ಷಿಣ. ಮೂಡುಬಿದಿರೆ, ಮೂಲ್ಕಿ, ಉಳ್ಳಾಲ ಕಮಿಷನರೇಟಿಗೆ ಸೇರಿದರೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಇಂದಿಗೂ ಜಿಲ್ಲಾ ಪೊಲೀಸರ ಕೈಯಲ್ಲಿವೆ. ಒಂದೇ ಸಂಜೆ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಒಂದು ಕೇಸು, ಮಂಗಳೂರಿನ ಪಂಪ್‌ವೆಲ್‌ನಲ್ಲಿ ಇನ್ನೊಂದು ಬಿದ್ದರೆ ಅವೆರಡರ ಕಡತವೂ ಬೇರೆ ಬೇರೆ. ಕಾಗದದ ರಶೀದಿ ಪುಸ್ತಕದ ದಿನಗಳಲ್ಲಿ ಇದರಿಂದ ಆಗುತ್ತಿದ್ದ ಅಲೆದಾಟ ಸಣ್ಣದಲ್ಲ.

ಆಮೇಲೆ ಅಧಿಕಾರಿಗಳ ಕೈಗೆ ಯಂತ್ರ ಬಂತು. ಗಾಡಿಯ ಸಂಖ್ಯೆ ಒತ್ತಿದರೆ ಒಡೆಯನ ಹೆಸರು, ಹಳೆಯ ಬಾಕಿ ಎಲ್ಲವೂ ತೆರೆಯ ಮೇಲೆ ಬರುತ್ತದೆ. ಸೊಂಟದಲ್ಲಿ ನೇತಾಡುವ ಪುಟ್ಟ ಮುದ್ರಣ ಯಂತ್ರದಿಂದ ಬರುವ ಚೀಟಿಯ ಅಕ್ಷರ ಮಾತ್ರ ಬಹಳ ದಿನ ಉಳಿಯುವುದಿಲ್ಲ. ಪರ್ಸಿನಲ್ಲಿಟ್ಟರೆ ನಮ್ಮ ಸೆಕೆಗೆ, ಬೆವರಿಗೆ ಕೆಲವೇ ತಿಂಗಳಲ್ಲಿ ಬಿಳಿ ಕಾಗದವಾಗುತ್ತದೆ. ಕಟ್ಟಿದ ದಿನವೇ ಅದರ ಫೋಟೊ ತೆಗೆದಿಡುವುದು ಒಳ್ಳೆಯದು.

2019ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಸೆಪ್ಟೆಂಬರ್ 1ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಹೆಲ್ಮೆಟ್ ಇಲ್ಲದ ಸವಾರಿಗೆ 1,000, ಲೈಸೆನ್ಸ್ ಇಲ್ಲದ ಚಾಲನೆಗೆ 5,000, ಕುಡಿದು ಓಡಿಸಿದರೆ 10,000 ರೂಪಾಯಿವರೆಗೆ ದಂಡವಾಯಿತು. ಜನರ ಸಿಟ್ಟು ಕಂಡು ಕರ್ನಾಟಕ ಸರ್ಕಾರ ಅದೇ ತಿಂಗಳು ಹೆಲ್ಮೆಟ್, ಸೀಟ್ ಬೆಲ್ಟ್ ದಂಡವನ್ನು 500ಕ್ಕೆ ಇಳಿಸಿತು. ಚರ್ಚೆಯೆಲ್ಲ ಈ ಮೊತ್ತದ ಸುತ್ತಲೇ ನಡೆಯಿತು. ಅದೇ ತಿದ್ದುಪಡಿಯಲ್ಲಿ ಬಂದ 136-ಎ ಕಲಮಿನ ಕಡೆ ಹೆಚ್ಚು ಜನ ನೋಡಲಿಲ್ಲ. ರಸ್ತೆಗಳ ಮೇಲೆ ಕ್ಯಾಮರಾ ಮೂಲಕ ನಿಗಾ ಇಡುವುದಕ್ಕೆ ಕಾನೂನಿನ ಬಲ ಕೊಟ್ಟದ್ದು ಅದು. ಅದರ ಕೆಳಗೆ 2021ರ ಆಗಸ್ಟ್‌ನಲ್ಲಿ 167-ಎ ನಿಯಮ ಬಂತು. ಕ್ಯಾಮರಾದ ಆಧಾರದ ಮೇಲೆ ಕೊಡುವ ನೋಟಿಸ್ ಅಪರಾಧ ನಡೆದ 15 ದಿನಗಳೊಳಗೆ ಹೋಗಬೇಕು, ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ದಿನ, ಸಮಯ, ಸ್ಥಳ, ಯಾವ ಕಲಮು ಎಂಬುದೆಲ್ಲ ಅದರಲ್ಲಿರಬೇಕು ಎನ್ನುತ್ತದೆ ಆ ನಿಯಮ. ಚಿತ್ರವನ್ನು ಹಿಗ್ಗಿಸಿ ನೋಡುವುದು ನಮ್ಮ ಹಕ್ಕು. ಸುಮ್ಮನೆ ಹಣ ಕಟ್ಟಿ ಕೈತೊಳೆದುಕೊಳ್ಳುವ ಮೊದಲು ಅಷ್ಟಾದರೂ ಮಾಡಬೇಕು.

ಇನ್ನು ಒಡೆಯರ ಮಾತು. ಮಂಗಳೂರಿನ ರಸ್ತೆಯಲ್ಲಿ ಕೆಎ-19ರ ಜೊತೆ ಉಡುಪಿಯ 20, ಪುತ್ತೂರಿನ 21, ಗಡಿಯಾಚೆ ಕಾಸರಗೋಡಿನ ಕೆಎಲ್-14 ಎಲ್ಲವೂ ಓಡುತ್ತವೆ. ಕಾಲೇಜು ಹುಡುಗರ ಬೈಕು ಅಪ್ಪನ ಹೆಸರಿನಲ್ಲಿರುತ್ತದೆ. ಅಣ್ಣ ದುಬೈಯಲ್ಲಿ, ಅವನ ಕಾರು ಇಲ್ಲಿ ಭಾವನ ಕೈಯಲ್ಲಿ. ಆರ್‌ಸಿಯಲ್ಲಿರುವ ಮೊಬೈಲ್ ಸಂಖ್ಯೆ ಅಣ್ಣ ವಿಮಾನ ಹತ್ತುವ ಮೊದಲು ಬಳಸುತ್ತಿದ್ದ ಹಳೆಯ ಸಿಮ್ಮಿನದು. ಚಲನ್‌ನ ಸಂದೇಶ ಯಾರೂ ಓದದ ಕಡೆಗೆ ಹೋಗುತ್ತದೆ, ನೋಟಿಸ್ ಬೀಗ ಹಾಕಿದ ಮನೆಯ ಗೇಟಿಗೆ ಬಂದು ಮರಳುತ್ತದೆ. ಕಾಯ್ದೆಯ 133ನೇ ಕಲಮಿನಂತೆ, ಆ ಹೊತ್ತಿಗೆ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ಒಡೆಯ ಹೇಳಬೇಕು. ಓಡಿಸಿದ್ದು ಮನೆಯ ಅಪ್ರಾಪ್ತ ಹುಡುಗನಾಗಿದ್ದರೆ ವಿಷಯ ದಂಡಕ್ಕೆ ನಿಲ್ಲುವುದಿಲ್ಲ. 199-ಎ ಪ್ರಕಾರ ಪೋಷಕರಿಗೆ ಅಥವಾ ಒಡೆಯರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು.

ಮಾರಿದ ಗಾಡಿಯ ಕಥೆ ಇನ್ನೂ ಸಂಕಟದ್ದು. ಹಣ ಎಣಿಸಿಕೊಂಡು, ಸಹಿ ಹಾಕಿದ ನಮೂನೆಗಳನ್ನು ಕೊಟ್ಟು ಕೀಲಿಕೈ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿದಿರುವುದಿಲ್ಲ. ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಕೊಂಡವನು 30 ದಿನಗಳೊಳಗೆ ತಿಳಿಸಬೇಕು ಎಂಬುದು 50ನೇ ಕಲಮು. ಹೆಸರು ಬದಲಾಗುವವರೆಗೆ ಹೊಸಬನ ಒನ್ ವೇ, ಟ್ರಿಪಲ್ ರೈಡಿಂಗ್ ಎಲ್ಲವೂ ಹಳಬನ ಹೆಸರಿನಲ್ಲಿಯೇ ಸೇರುತ್ತವೆ. ಅಪಘಾತದ ಪರಿಹಾರದ ಪ್ರಕರಣವೊಂದರಲ್ಲಿಯೂ ದಾಖಲೆಯಲ್ಲಿ ಹೆಸರಿರುವವನೇ ಒಡೆಯ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಕೊಡುವ ಮೊದಲೇ ವರ್ಗಾವಣೆಯ ಅರ್ಜಿ ಹಾಕಿಸಿ ಎಂದು ಪರಿಚಯದವರೆಲ್ಲರಿಗೂ ನಾನು ಬೇಸರವಿಲ್ಲದೆ ಹೇಳುತ್ತಿರುತ್ತೇನೆ.

ಹುಡುಕುವ ದಾರಿ ಈಗ ಸುಲಭವಿದೆ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಇ-ಚಲನ್ ತಾಣದಲ್ಲಿ ಚಲನ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ ಅಥವಾ ಗಾಡಿಯ ಸಂಖ್ಯೆ ಹಾಕಿ ನೋಡಬಹುದು. ಗಾಡಿಯ ಸಂಖ್ಯೆಯಾದರೆ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಕ್ಷರಗಳನ್ನೂ ಕೇಳುತ್ತದೆ, ಆದ್ದರಿಂದ ಆರ್‌ಸಿ ಎದುರಿಗೆ ಇಟ್ಟುಕೊಂಡು ಕುಳಿತುಕೊಳ್ಳಿ. ಮೊಬೈಲ್ ಕೈಗೆ ಹತ್ತದವರು ಕರ್ನಾಟಕ ಒನ್ ಕೇಂದ್ರಕ್ಕೆ ಅಥವಾ ಸಂಚಾರ ಠಾಣೆಗೆ ಹೋಗಬಹುದು. ಚಲನ್ ತಪ್ಪೆಂದು ಕಂಡರೆ ದೂರು ಕೊಡಲು ಆ ತಾಣದಲ್ಲಿಯೇ ಜಾಗವಿದೆ.

ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡ ವಂಚಕರೂ ಇದ್ದಾರೆ. ‘ನಿಮ್ಮ ಗಾಡಿಯ ಚಲನ್ ಬಾಕಿ ಇದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಪಿಕೆ ಕಡತ, ಅಂದರೆ ಮೊಬೈಲಿಗೆ ಆ್ಯಪ್ ಹಾಕುವ ಕಡತ, ಬರುತ್ತದೆ. ತೆರೆದರೆ ಮೊಬೈಲಿನ ಸಂದೇಶಗಳು ಅವರ ಕೈಗೆ, ಅದರ ಹಿಂದೆಯೇ ಬ್ಯಾಂಕಿನ ಹಣ. ಕಡತ ತೆರೆಯಬೇಡಿ, ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಾಕಿ ಬೆಟ್ಟವಾದಾಗ ಸರ್ಕಾರ ಹಿಡಿದ ದಾರಿ ರಿಯಾಯಿತಿ. 2023ರ ಫೆಬ್ರವರಿ 11ರವರೆಗೆ ಮೊದಲ ಸಲ ಅರ್ಧ ಮನ್ನಾ ಮಾಡಿದಾಗ ಜನ ಮುಗಿಬಿದ್ದು ಕಟ್ಟಿದರು. ಆಮೇಲೂ ಅವಕಾಶಗಳು ಬಂದವು, 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ಬಡ ಆಟೊ ಚಾಲಕನಿಗೆ ಇದರಿಂದ ಉಸಿರಾಡುವಂತಾಯಿತು ಎಂಬುದು ನಿಜ. ಆದರೂ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಅಂದೇ ಪೂರ್ತಿ ಕಟ್ಟಿದವನು ನಷ್ಟದಲ್ಲಿ, ಕಾದವನು ಲಾಭದಲ್ಲಿ ಎಂದಾದರೆ ಮುಂದಿನ ಸಲ ಎಲ್ಲರೂ ಕಾಯುತ್ತಾರೆ. ಅದಕ್ಕಿಂತ ಲೋಕ ಅದಾಲತ್ ಸರಿಯಾದ ಜಾಗ. ರಾಜಿಯಾಗಬಲ್ಲ ಪ್ರಕರಣ ಅಲ್ಲಿ ಇತ್ಯರ್ಥವಾದರೆ ಅದೇ ಕೊನೆ, ಮೇಲ್ಮನವಿ ಇಲ್ಲ.

ನನ್ನ ಕೇಸು ಎರಡನೇ ಭೇಟಿಯಲ್ಲಿ ಬಿಟ್ಟುಹೋಯಿತು. ಚಿತ್ರವನ್ನೂ ಆರ್‌ಸಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮಹಿಳಾ ಅಧಿಕಾರಿ ಮೊದಲು ಅಂಕಿಯ ತಪ್ಪನ್ನು ಗುರುತು ಹಾಕಿಕೊಂಡರು. ಆಮೇಲೆ ದಾಖಲೆ ತೆರೆದು, “ಸರ್, ಇದರಲ್ಲಿರುವ ಮೊಬೈಲ್ ನಂಬರ್ ನಿಮ್ಮದೇ ತಾನೇ?” ಎಂದು ಕೊನೆಯ ನಾಲ್ಕು ಅಂಕಿ ಓದಿದರು. ನನ್ನದಲ್ಲ. ಸ್ಕೂಟರ್ ಕೊಂಡ ದಿನ ಅರ್ಜಿ ತುಂಬಿದ ಯಾರದೋ ಸಂಖ್ಯೆ ಅದು. ಒಂಬತ್ತು ವರ್ಷ ನನ್ನ ಗಾಡಿಯ ಸಂದೇಶಗಳೆಲ್ಲ ಆ ಅಪರಿಚಿತರಿಗೆ ಹೋಗಿದ್ದವು. ಅದೇ ರಾತ್ರಿ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಹಾಕಿ ಅದನ್ನು ಬದಲಾಯಿಸಿದೆ. ಮರುದಿನ ಅಪ್ಪನ ಕಾರಿನ ಆರ್‌ಸಿಯನ್ನೂ ಕಪಾಟಿನಿಂದ ಹೊರತೆಗೆದೆ.